ವಾರಿಜಕ್ಕ ಬಿಡಿಸಿ ಹೇಳಿದ್ದು

ಜಪಾನಿನ ಓಜಿಮಾದಲ್ಲಿರುವ ಕನ್ನಡದವರಲ್ಲಿ ಯಾರಿಗೇ ಹೊಟ್ಟೆ ನೋಯಲಿ, ಆಸ್ಪತ್ರೆಗೆ ಜೊತೆಯಲ್ಲಿ ಜಪಾನಿ ಬಲ್ಲ ವಾರಿಜಕ್ಕ ಇರಲೇಬೇಕು. ಡಾಕ್ಟರ ಒಂದು ಮಾತು ಅಕ್ಕನ ಕನ್ನಡದಲ್ಲಿ ಹತ್ತಾಗುತ್ತದೆ: ಗ್ಯಾಸ್ ಅಂದರೆ ಕೂಗದ ಕುಕ್ಕರು, ಹುಣ್ಣು ಅಂದರೆ ತಳ ಹಿಡಿದ ಪಾತ್ರೆ, ಕೊನೆಗೆ ರೋಗಿಯ ಕೈ ತಟ್ಟಿ, "ಹೆದರ್ಬೇಡ ಕಣೇ, ನಾನಿದೀನಲ್ಲ." ಮೊನ್ನೆ ಅಕ್ಕನದೇ ರಿಪೋರ್ಟು ಬಂತು, ಪಕ್ಕದ ಮನೆಯ ನಾನು ಜೊತೆಗೆ ಹೋದೆ. ಡಾಕ್ಟರು ನಿಧಾನವಾಗಿ ಹೇಳಿದ್ದಕ್ಕೆಲ್ಲ "ಹೈ, ಹೈ" ಎಂದು ಜಪಾನಿಯಲ್ಲಿ ಹೌದೆನ್ನುತ್ತ ತಲೆಬಾಗಿದ ಅಕ್ಕ, ಅಭ್ಯಾಸದಂತೆ ನನ್ನತ್ತ ತಿರುಗಿದರು. "ನೋಡೇ, ಇದು ಹೊಟ್ಟೆಯ ಅಪರೂಪದ ಕ್ಯಾನ್ಸರಂತೆ. ಪಾತ್ರೆಯ ಒಳಗಿನ ಕಲಾಯಿಯಲ್ಲಲ್ಲ, ಪಾತ್ರೆಯ ದಪ್ಪದಲ್ಲೇ ಹುಟ್ಟಿದ ಗಡ್ಡೆ. ಮೊದಲು ಆಪರೇಷನ್, ಆಮೇಲೆ ದಿನಾ ಮಾತ್ರೆ. ಹೆದರ್ಬೇಡ ಕಣೇ." ನನ್ನ ಕೈ ತಟ್ಟುತ್ತಿದ್ದ ಅವರ ಕೈ ಅಲ್ಲೇ ನಿಂತಿತು. "ಅಲ್ಲ ಕಣೇ," ಅಂದರು, "ಇದು ಯಾರಿಗಂತೆ?"