ಹುಡುಕಿದರೆ ಸಿಗದ ಖಾನೆ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅದರಲ್ಲೂ ಕಂಪ್ಯೂಟರಿನಲ್ಲಿ ಅಂಥದೇನೂ ನಡೆಯಲಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಈಗಲೂ ಹಾಗೆಯೇ ಅನ್ನುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ನಾನು ಹೆಚ್ಚು ಓದಿದವನಲ್ಲ. ಕುಂದಗೋಳದಲ್ಲಿ ವಧು-ವರರ ಮಾಹಿತಿ ಇಡುವ ಸಣ್ಣ ವೆಬ್‌ಸೈಟಿನವರ ಕಚೇರಿಯಲ್ಲಿ ವಿವರ ತುಂಬುವುದು ನನ್ನ ಕೆಲಸ. ಆ ವೆಬ್‌ಸೈಟನ್ನು ಕಟ್ಟಿಕೊಟ್ಟ ವಿನಾಯಕ ಎಂಬ ಎಂಜಿನಿಯರ್ ಹುಡುಕಾಟದ ಒಳಗಿನ ವ್ಯವಸ್ಥೆಯನ್ನೂ ನನಗೆ ಕಲಿಸಿದ್ದ. ಊರು, ವಯಸ್ಸು, ಬೆಡಗು ಅಂದರೆ ಗೋತ್ರ, ಹೀಗೆ ಪ್ರತಿಯೊಂದಕ್ಕೂ ಒಂದು ಖಾನೆ. ಹೊಸ ಖಾನೆ ಬೇಕಾದರೆ ಅದರ ಹೆಸರು, ಗುಣ ಬರೆದು ಇಂಟರ್ನೆಟ್ಟಿನ ಒಂದು ವಿಳಾಸಕ್ಕೆ ಕಳಿಸಬೇಕು. ಸರ್ವರ್ ಒಪ್ಪಿಕೊಂಡೆನೆಂದು ಉತ್ತರ ಕೊಡುತ್ತದೆ. ಖಾನೆಯಲ್ಲಿರುವುದು ಪುಟದಲ್ಲಿ ಕಾಣಬೇಕೇ, ಹುಡುಕಿದರೆ ಸಿಗಬೇಕೇ ಎಂಬುದನ್ನೂ ಆಗಲೇ ಹೇಳಬೇಕು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದೂ ಬರೆಯಬಹುದು.

ನನ್ನ ತಂಗಿ ನೀಲವ್ವ ಗಂಡ ತೀರಿಕೊಂಡ ಮೇಲೆ ಯರಗುಪ್ಪಿಯ ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿಯೂ ತೀರಿಹೋಗಿದ್ದಳು. ನನ್ನ ಮಗಳನ್ನು ಸಾಕಿದವಳು ನೀಲವ್ವನೇ. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ, "ಅಣ್ಣಾ, ನಿಮ್ಮ ಕಂಪ್ಯೂಟರಿನ್ಯಾಗ ನನ್ನ ಹೆಸರೂ ಹಾಕ್ತೀಯೇನು?" ಎಂದಳು. "ಹಾಕ್ತೀನವಾ" ಎಂದೆ.

ಹಾಕಿದೆ. ಆದರೆ ಅವಳು ಹೋದರೆ ಮಗಳನ್ನು ಯಾರು ನೋಡಬೇಕು, ಮನೆ ಯಾರು ನಡೆಸಬೇಕು ಎಂದು ಹೆದರಿದೆ. ಪುಟದಲ್ಲಿ ಕಾಣುವ, ಆದರೆ ಹುಡುಕಿದರೆ ಸಿಗದ ಹೊಸ ಖಾನೆಯೊಂದನ್ನು ಮಾಡಿ ಅವಳ ಹೆಸರು, ಊರು, ವಯಸ್ಸು ಎಲ್ಲವನ್ನೂ ಅದರಲ್ಲೇ ತುಂಬಿದೆ. ಉಳಿದ ಖಾನೆಗಳನ್ನು ಖಾಲಿ ಬಿಟ್ಟೆ. ಪುಟದ ವಿಳಾಸವನ್ನು ಅವಳ ಫೋನಿಗೆ ಕಳಿಸಿದೆ. ಅವಳು ಆಗಾಗ ತೆರೆದು ತನ್ನ ಫೋಟೊ ನೋಡಿಕೊಳ್ಳುತ್ತಿದ್ದಳು. ಹಬ್ಬ ಹೋಗಿ ಹಬ್ಬ ಬಂದರೂ ಯಾರೂ ಕೇಳಿಕೊಂಡು ಬರಲಿಲ್ಲ. "ನನ್ನ ಮಾರಿ ಯಾರಿಗೂ ಸೇರವಲ್ದು ಕಾಣಸ್ತದ" ಎಂದು ನಕ್ಕಳು. ಆಗಲೂ ನಾನು ಆ ಖಾನೆಯನ್ನು ಬದಲಿಸಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಮಿಶ್ರಿಕೋಟಿಯಿಂದ ಒಬ್ಬರು ತಮ್ಮ ಸೋದರತ್ತೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಪಂಪ್‌ಸೆಟ್ ರಿಪೇರಿ ಮಾಡುವವರು, ಹೆಂಡತಿಯನ್ನು ಕಳೆದುಕೊಂಡವರು.

"ಯರಗುಪ್ಪಿ ನಮ್ಮ ಅವ್ವನ ತವರೂರ್ರಿ. ಅದಕ್ಕ ಇಂವಾ ಮುಂಜಾನೆ ಫೋನಿನ್ಯಾಗ ಅದ ಹೆಸರು ಬರದು ಹುಡುಕ್ಯಾನ. ನಿಮ್ಮ ತಂಗಿ ಒಬ್ಬಾಕಿನ ಬಂದ್ಲು ನೋಡ್ರಿ" ಎಂದರು ಆ ಅತ್ತೆ.

ನಾನು ನೀರಿನ ತಂಬಿಗೆಯನ್ನು ಕೆಳಗಿಟ್ಟೆ. ಮತ್ತೊಮ್ಮೆ ಹುಡುಕಿ ತೋರಿಸಲು ಹೇಳಿದೆ. ಪಂಪ್‌ಸೆಟ್‌ನವರು ನನ್ನೆದುರೇ ಯರಗುಪ್ಪಿ ಎಂದು ಬರೆದರು. ಏನೂ ಬರಲಿಲ್ಲ. "ಮುಂಜಾನೆ ಬಂದಿತ್ರಿ. ಈ ಅತ್ತೀಗೆ ತೋರ್ಸಾಕ ತಗದಿಟ್ಟೇನಿ" ಎಂದು ಫೋನಿನ ಪರದೆಯ ಚಿತ್ರವೊಂದನ್ನು ತೆರೆದರು. ಮೇಲೆ ಯರಗುಪ್ಪಿ ಎಂಬ ಅಕ್ಷರ, ಕೆಳಗೆ ನೀಲವ್ವನ ಫೋಟೊ. ಪುಟದ ವಿಳಾಸ ಯಾರಿಗಾದರೂ ಕಳಿಸಿದ್ದೆಯಾ ಎಂದು ಅವಳನ್ನು ಒಳಗೆ ಕರೆದು ಕೇಳಿದೆ. ಇಲ್ಲ ಎಂದಳು.

ಮರುದಿನ ಕಚೇರಿಗೆ ಹೋಗಿ ಆ ಖಾನೆಯ ಗುಣವೇನೆಂದು ಸರ್ವರನ್ನೇ ಕೇಳಿದೆ. ನಾನು ಬರೆದ 'ಇಲ್ಲ' ಹಾಗೆಯೇ ಇತ್ತು. ನಾಚಿಕೆ ಬಿಟ್ಟು ವಿನಾಯಕನಿಗೆ ಎಲ್ಲ ಹೇಳಿದೆ. ಅವನು ತಾನೂ ಪರೀಕ್ಷಿಸಿ, "ಇದನ್ನ ನಿಮ್ಮ ಬಿಟ್ರ ಯಾರೂ ಮುಟ್ಟಿಲ್ಲ ಕಾಕಾ. ಹಂಗ ಬರಾಕ ಸಾಧ್ಯನ ಇಲ್ಲ" ಎಂದ. ಆದರೆ ಅವರು ತೆಗೆದಿಟ್ಟ ಚಿತ್ರವನ್ನು ನಾನು ಕಣ್ಣಾರೆ ನೋಡಿದ್ದೆ.

ಮಾತುಕತೆ ಕೂಡಿ ಬಂತು. ಮದುವೆಗೆ ಮುಂಚೆ ತಂಗಿಯ ಮುಂದೆ ಕೂತು ನಾನು ಮಾಡಿದ್ದನ್ನು ಒಪ್ಪಿಕೊಂಡೆ.

"ಹೋಗಬ್ಯಾಡ ಅಂತ ನೀ ಬಾಯಿಬಿಟ್ಟು ಅಂದಿದ್ರ ನಾ ಇಲ್ಲೇ ಇರ್ತಿದ್ದೆ" ಎಂದಳು. "ಅನ್ನಲಿಲ್ಲಲಾ, ಛಲೋ ಆತು ಬಿಡು."

ಈಗ ಅವಳು ಮಿಶ್ರಿಕೋಟಿಯಲ್ಲಿ ಸುಖವಾಗಿದ್ದಾಳೆ. ರಜೆ ಬಂದರೆ ನನ್ನ ಮಗಳು ಅಲ್ಲಿಗೇ ಓಡುತ್ತಾಳೆ. ಆ ಮುಂಜಾನೆ ನನ್ನ ತಂಗಿ ಅವರಿಗೆ ಹೇಗೆ ಸಿಕ್ಕಳು ಎಂದು ನೀವು ಕೇಳಿದರೆ ನಾನು ಹೇಳಲಾರೆ. ಹೇಗೋ ಸಿಕ್ಕಳಲ್ಲಾ ಎಂದು ನೆನೆದಾಗ ಮಾತ್ರ ಎದೆ ಹಗುರಾಗುತ್ತದೆ.