ಹುಲಿಯಮ್ಮನ ಅಂಗಡಿಯ ಕಟ್ಟಳೆ

ಹೊಸನಗರದ ಕಡೆ ಹುಲಿಯಮ್ಮನ ಅಂಗಡಿಗೆ ಹೋಗುವವರು ಸೊಪ್ಪು ಸೌದೆ ಕಡಿಯಲು ಸೊಂಟಕ್ಕೆ ಸಿಕ್ಕಿಸಿಕೊಂಡ ಕತ್ತಿಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿಯೇ ಒಳಗೆ ಕಾಲಿಡಬೇಕು. ಬಿತ್ತನೆ ಬೀಜ, ಮೈಲುತುತ್ತ, ಒಣಮೀನು, ಹಗ್ಗ, ಏನೇ ಬೇಕಿರಲಿ. ಮರೆತು ಒಳಗೆ ಬಂದ ನನ್ನನ್ನೂ ಒಮ್ಮೆ ತೂಕದ ಕಲ್ಲು ಎತ್ತಿಕೊಂಡು ಅಟ್ಟಿದ್ದಳು. ಸಿಟ್ಟು ಬಂದರೂ ಹೊರಗೆ ಹೋಗಿ ಕತ್ತಿಯನ್ನು ಮೊಳೆಗೆ ಹಾಕಿ ಬಂದೆ. ಇಪ್ಪತ್ತು ವರ್ಷದ ಹಿಂದೆ ಅದೇ ಅಂಗಡಿಯೊಳಗೆ ಇಬ್ಬರು ಗಿರಾಕಿಗಳು ಗದ್ದೆ ನೀರಿನ ಪಾಳಿಗೆ ಜಗಳವಾಡಿ ಕತ್ತಿ ಹಿರಿದಿದ್ದರು. ಬಿಡಿಸಲು ಹೋದ ಅವಳ ಗಂಡ ಮಾಸ್ತಪ್ಪನ ಕುತ್ತಿಗೆಗೆ ಏಟು ಬಿತ್ತು. ಉಪ್ಪಿನ ಚೀಲದ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ತಿಥಿ ಮುಗಿದ ಮಾರನೇ ದಿನ ಆಕೆ ಗೋಡೆಗೆ ಮೊಳೆ ಹೊಡೆದಳು.

ಆ ಕಟ್ಟಳೆಯಿಂದ ಹೊರಗಿದ್ದವನು ಒಬ್ಬನೇ, ಅವಳ ಮಗ ಉಮೇಶ. ಹಗ್ಗ ಕತ್ತರಿಸಲು, ಚೀಲ ಬಿಚ್ಚಲು ಬೇಕಲ್ಲ ಎಂದು ಕತ್ತಿಯನ್ನು ಅವನ ಸೊಂಟದಲ್ಲೇ ಬಿಟ್ಟಿದ್ದಳು. "ಅಂಗಡಿಯವ್ರಿಗೂ ಅದೇ ಕಟ್ಲೆ ಮಾಡಿ ಅತ್ತೆ" ಎಂದು ಸೊಸೆ ಕುಮುದಾ ಹೇಳಿದಾಗ, "ನನ್ ಮಗ ಯಾರನ್ನ ಕಡೀತಾನೆ?" ಎಂದು ಬಾಯಿ ಮುಚ್ಚಿಸಿದ್ದಳು. ಕುಮುದಾಳ ಬೆನ್ನ ಮೇಲಿನ ಬಾಸುಂಡೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಹೋದ ಜೂನ್‌ನಲ್ಲಿ ಪಕ್ಕದ ಊರಿನ ರೈತ ಶಿವಮೂರ್ತಿ ಬಂದ. ಕತ್ತಿಯನ್ನು ಮೊಳೆಗೆ ಹಾಕಿದ, ಒಳಗೆ ಬಂದು ಉಮೇಶ ಮಾರಿದ್ದ ಭತ್ತದ ಬೀಜವನ್ನು ಅವನ ಮುಖಕ್ಕೇ ಎರಚಿದ.

"ಒಂದೂ ಮೊಳಕೆ ಬರ್ಲಿಲ್ಲ ಮಾರಾಯ. ಸಸಿಮಡಿ ಪೂರ್ತಿ ಕೊಳೀತು. ಹಳೇ ಬೀಜ ಕೊಟ್ಯಲ್ಲ, ನಾಚ್ಕೆ ಆಗಲ್ವಾ?"

ಉಮೇಶ ಕೆನ್ನೆಗೆ ಬಾರಿಸಿದ. ಶಿವಮೂರ್ತಿ ಅವನ ಕೊರಳಪಟ್ಟಿ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಸಾಮಾನಿಗೆ ಬಂದಿದ್ದ ನಾವು ನಾಲ್ಕಾರು ಜನ ಬಿಡಿಸುವಷ್ಟರಲ್ಲಿ ಉಮೇಶನ ಕತ್ತಿ ಹೊರಗೆ ಬಂದಿತ್ತು. ತಡೆಯಲು ಎತ್ತಿದ ಶಿವಮೂರ್ತಿಯ ಬಲಗೈ ಮಣಿಕಟ್ಟಿನ ಹತ್ತಿರ ತುಂಡಾಗಿ, ಬರೀ ತೊಗಲಿಗೆ ಜೋತುಬಿತ್ತು. ಉಮೇಶ ಎರಡನೇ ಏಟಿಗೆ ಕೈ ಎತ್ತಿದಾಗ ಹುಲಿಯಮ್ಮ ತೂಕದ ಕಲ್ಲಿನಿಂದ ಮಗನ ಮೊಣಕೈಯನ್ನೇ ಮುರಿದಳು.

ಶಿವಮೂರ್ತಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆವು. ಪೊಲೀಸರು ಬರುವ ಹೊತ್ತಿಗೆ ಉಮೇಶ ತಾಯಿಯ ಕಾಲು ಹಿಡಿದುಕೊಂಡಿದ್ದ.

"ಅವ್ವಾ, ಅವ್ನೇ ಮೊದ್ಲು ಕತ್ತಿ ಎತ್ತಿದ ಅಂತ ಹೇಳು. ಇಲ್ಲಾಂದ್ರೆ ನಂಗೆ ಜೈಲೇ ಗತಿ."

ಅಲ್ಲಿದ್ದವರಲ್ಲಿ ಅರ್ಧ ಜನ ಹಾಗೇ ಹೇಳು ಎಂದು ಅವಳಿಗೆ ಕಣ್ಸನ್ನೆ ಮಾಡಿದರು. ನಾನೂ ತೆಪ್ಪಗೆ ನಿಂತಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಹುಲಿಯಮ್ಮ ರಕ್ತವಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಪೊಲೀಸರ ಕಡೆ ತಿರುಗಿದಳು.

"ಶಿವಮೂರ್ತಿ ಕೈಯಾಗೆ ಎಂತದೂ ಇರ್ಲಿಲ್ಲ ಸಾರ್. ಕಡ್ದಿದ್ದು ನನ್ ಮಗ. ಅವನ ಸೊಂಟದಾಗೆ ಕತ್ತಿ ಇರಕ್ಕೆ ಬಿಟ್ಟಿದ್ದು ನಾನು. ಅದನ್ನೂ ಬರ್ಕಳಿ."