ನಿಂತೇ ಬಡಿಸಿದ ಶಾಂತಾ ವೈನಿ

ಶಾಂತಾ ವೈನಿ, ಅಂದರೆ ಶಾಂತಾ ಅತ್ತಿಗೆ, ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಹಿಮಾಯತ್‌ನಗರದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ನಾನು ಬಿ.ಎಸ್ಸಿ. ಓದಿದೆ. ಅವರು ಅಕ್ಕಿ ಆರಿಸುವುದು ನಿಂತೇ, ಮೊರವನ್ನು ಕಟ್ಟೆಯ ಮೇಲಿಟ್ಟುಕೊಂಡು. ಚಹಾ ಕುಡಿಯುವುದೂ ನಿಂತೇ, ಬಾಗಿಲಿಗೆ ಭುಜ ಆನಿಸಿ. ಕುರ್ಚಿ ಸರಿಸಿ ಕೊಟ್ಟರೆ, "ನಾ ಕುಂತ್ರ ರೊಟ್ಟಿ ಯಾರ ಬಡೀತಾರ, ನಿಮ್ಮ ಪ್ರಿನ್ಸಿಪಾಲರು ಬರ್ತಾರೇನು?" ಎಂದು ನಗುತ್ತಿದ್ದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗಲೂ ಅದನ್ನು ಎದೆಯೆತ್ತಿ ಹೇಳುತ್ತೇನೆ. ಅಪ್ಪ ಯಾದಗಿರಿಯಲ್ಲಿ ಲಾರಿ ಹೊಡೆಯುತ್ತಿದ್ದ. ಪರೀಕ್ಷೆಯ ದಿನ ಮೊಸರು-ಸಕ್ಕರೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದವರು ವೈನಿ. "ನೀ ಪಾಸಾದ್ರ ನಾನೂ ಆದಂಗ ಮಲ್ಲಿ. ನನ್ನ ಏಳನೇತ್ತಕ್ಕ ಸಾಲಿ ಬಿಡಿಸಿಬಿಟ್ರು."

ಊರೊಳಗೆ ಮದುವೆ, ಸೀಮಂತ ಎಲ್ಲೇ ಇರಲಿ, ಪಂಕ್ತಿಯಲ್ಲಿ ಬಡಿಸುವವರು ಅವರೇ. "ಶಾಂತಾನಂಥ ಸೊಸಿ ಸಿಗಾಕ ಪುಣ್ಯ ಮಾಡಿರಬೇಕ್ರಿ, ಎಲ್ಲಾರ ಊಟ ಆಗೂತನ ಕೂಡಂಗಿಲ್ಲ," ಎಂದು ನೆಂಟರು ಹೊಗಳುತ್ತಿದ್ದರು. ಎಲ್ಲರ ಊಟ ಆದ ಮೇಲೂ ಅವರು ಕೂರುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ನಾಲ್ಕು ತುತ್ತು ಮಜ್ಜಿಗೆ ಅನ್ನ ಉಂಡು ಕೈ ತೊಳೆಯುತ್ತಿದ್ದರು. ಅದನ್ನು ನೋಡಲು ನನ್ನ ಹೊರತು ಯಾರೂ ಅಲ್ಲಿರುತ್ತಿರಲಿಲ್ಲ.

ರಾಯಚೂರಿನಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ತಮ್ಮ ರಾಘಣ್ಣ ಮತ್ತೆ ಮತ್ತೆ ಫೋನ್ ಮಾಡಿ ಕರೆದರು. "ಮನಿ ಬಿಟ್ಟು ಬರಾಕ ಆಗೂದಿಲ್ಲೋ" ಎಂದರು ವೈನಿ. ತಾಯಿ ತೀರಿಕೊಂಡರು, ಮಣ್ಣಿಗೂ ಇವರು ಹೋಗಲಿಲ್ಲ. 'ಆಕಿದು ಕಲ್ಲೆದಿ' ಎಂದು ತಮ್ಮ ಆಡಿದ ಮಾತು ನೆಂಟರ ಮನೆಗಳನ್ನೆಲ್ಲ ಸುತ್ತಿ ಕೊನೆಗೆ ಇವರ ಅಡುಗೆಮನೆಗೂ ಬಂತು.

ಅವತ್ತು ಅವರು ಗೋಡೆ ಹಿಡಿದು, ಸೆರಗು ಕಚ್ಚಿಕೊಂಡು ನಿಂತಿದ್ದರು. ಸಂಡಾಸಕ್ಕೆ ಹೋಗಿ ಬಂದ ಮೇಲೆ ಎಷ್ಟೋ ಸಲ ಹಾಗೆ ನಿಲ್ಲುವುದನ್ನು ನಾನು ನೋಡಿದ್ದೆ. ನಮ್ಮಪ್ಪನಿಗೂ ಮೂಲವ್ಯಾಧಿ ಇತ್ತು. ಅವನು ಲಾರಿಯಿಂದ ಇಳಿದವನೇ ಓಣಿಗೆಲ್ಲ ಕೇಳುವಂತೆ ಅದಕ್ಕೆ ಬೈಯುತ್ತಿದ್ದ. ಅಂಥ ಮನೆಯಲ್ಲಿ ಬೆಳೆದವಳಿಗೆ ಎಲ್ಲಿಯ ನಾಚಿಕೆ? ಕೇಳಿಯೇ ಬಿಟ್ಟೆ.

"ವೈನಿ, ನಿಮಗ ಕೂಡ್ರಾಕ ಆಗವಲ್ದೇನ್ರಿ?"

"ಸಣ್ಣಗ ಮಾತಾಡ," ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ರಕ್ತ ಹೋಗ್ತೈತಿ. ಗಾಜಿನ ಚೂರು ಇಟ್ಟಂಗ ಆಗ್ತೈತಿ. ರಾಯಚೂರ ತನಕ ಬಸ್ಸಿನ್ಯಾಗ ಹೆಂಗ ಕುಂತ ಹೋಗ್ಲಿ, ನೀನ ಹೇಳ."

ಗಂಡನಿಗೂ ಹೇಳಿರಲಿಲ್ಲ. ಇದು ಪ್ರಾಣ ತೆಗೆಯುವ ರೋಗವೇ ಇರಬೇಕೆಂದು ಒಳಗೇ ನಂಬಿದ್ದರು.

ಹೆಣ್ಣು ಡಾಕ್ಟರನ್ನು ಹುಡುಕಿ ನಾನೇ ಕರೆದುಕೊಂಡು ಹೋದೆ. ಪರದೆಯ ಹಿಂದೆ ನೋಡಿ ಬಂದ ಡಾಕ್ಟರು ಆ ಊರಿನ ತೆಲುಗಿನಲ್ಲಿ ತಿಳಿಸಿ ಹೇಳಿದರು. ಇದು ಮೂಲವ್ಯಾಧಿಯೂ ಅಲ್ಲ, ಗುದದ್ವಾರದಲ್ಲಿ ಬಿದ್ದ ಸೀಳು. ಮಲ ಗಟ್ಟಿಯಾಗಿ ಎಷ್ಟೋ ಜನಕ್ಕೆ ಆಗುತ್ತದೆ. ಮೊದಲೇ ಬಂದಿದ್ದರೆ ಬಿಸಿನೀರಿನ ಟಬ್ಬಿನಲ್ಲಿ ಕೂತು, ಮುಲಾಮು ಹಚ್ಚಿ, ಸೊಪ್ಪು-ನೀರು ಹೆಚ್ಚು ಮಾಡಿದ್ದರೆ ಸಾಕಾಗುತ್ತಿತ್ತೇನೋ. ಈಗ ಹಳೆಯದಾಗಿದೆ. ಮದ್ದಿಗೆ ಮಾಯದಿದ್ದರೆ ಸಣ್ಣ ಆಪರೇಷನ್.

ಮಾಯಲಿಲ್ಲ. ಗಂಡನಿಗೆ ಹೆಂಗಸರ ಕಾಯಿಲೆ ಎಂದಷ್ಟೇ ಹೇಳಿ ಆಪರೇಷನ್ ಮಾಡಿಸಿಕೊಂಡರು. ಗಾಯ ಒಣಗಿದ ಮೇಲೆ ಒಂದು ಸಂಜೆ ವೈನಿ ಕುರ್ಚಿ ಎಳೆದುಕೊಂಡು, ಮೆಲ್ಲಗೆ ಕೂತು, ಚಹಾದ ಬಟ್ಟಲು ಹಿಡಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಅವರ ಕಣ್ಣಲ್ಲಿ ನೀರು.

"ಇಷ್ಟ ಏನು ಮಲ್ಲಿ? ಇಷ್ಟಕ್ಕ ನಾ ನಮ್ಮವ್ವನ ಮಾರಿ ನೋಡಲಿಲ್ಲೇನು?"

"ತಮ್ಮಗ ಹೇಳಿಬಿಡ್ರಿ."

"ಹುಚ್ಚಿ. ಕಲ್ಲೆದಿ ಅನ್ನಿಸ್ಕೊಂಡ ಇರ್ತೀನಿ. ಇದನ್ನ ಹೆಂಗ ಹೇಳ್ಲಿ?"

ಕೊನೆತನಕ ಹೇಳಲಿಲ್ಲ. ನಾನು ಪದವಿ ಮುಗಿಸಿ ಗುಲ್ಬರ್ಗದಲ್ಲಿ ಮಾಸ್ತರಿಕೆಗೆ ಸೇರಿದೆ. ಕೆಲವು ವರ್ಷಗಳ ಮೇಲೆ ವೈನಿ ಎದೆನೋವಿನಿಂದ ಹೋದರೆಂದು ಸುದ್ದಿ ಬಂತು. ದಿನಕರ್ಮದ ಊಟಕ್ಕೆ ಹೋದೆ. ಪಕ್ಕದ ಎಲೆಗೆ ರಾಘಣ್ಣ ಕೂತಿದ್ದರು. ಎದುರು ಸಾಲಿನಿಂದ ಯಾರೋ ಹಳೆಯ ಹೊಗಳಿಕೆ ಶುರು ಮಾಡಿದರು: "ಒಂದಿನ ಕುಂತಾಕಿ ಅಲ್ರಿ ಶಾಂತಾ." ರಾಘಣ್ಣ ತಲೆ ಎತ್ತದೆ ಗೊಣಗಿದರು: "ಮಂದಿಗೆ ಬಡಿಸಾಕ ಪುರುಸೊತ್ತಿತ್ತು, ಅವ್ವನ ಕಡೆ ಬರಾಕ ಇರಲಿಲ್ಲ."

ನನಗೆ ತಡೆಯಲಾಗಲಿಲ್ಲ. ಅವರ ಕಿವಿಯ ಹತ್ತಿರ ಬಾಗಿ, ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಅನ್ನ ಕಲಸುತ್ತಿದ್ದ ಅವರ ಕೈ ನಿಂತಿತು. ಸಾರು ಎಲೆಯ ಅಂಚು ದಾಟಿ ನೆಲಕ್ಕೆ ಹರಿಯಿತು, ತಡೆಯಲಿಲ್ಲ.

"ಹೇಳಿದ್ರ ಜೀಪ್ ತರ್ತಿದ್ನಲ್ಲವ್ವಾ," ಎಂದರು. "ಹಿಂದ ಗಾದಿ ಹಾಸಿ, ಮಲಗಿಸ್ಕೊಂಡ ಹೋಗ್ತಿದ್ದೆ ನಮ್ಮಕ್ಕನ್ನ."